ಮುಂಬಯಿಯಲ್ಲಿ ವೇಗ, ಊರಿನಲ್ಲಿ ಮೌನ : ಮೊಬೈಲ್ ಕಂಪನಿಯನ್ನು ಆರಿಸುವ ಬಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ, ಮದರಾಸುಗಳಿಗೆ ಬಂದ ಕನ್ನಡಿಗರ ಹಿಂದಿನ ತಲೆಮಾರಿಗೆ ಊರಿನೊಡನೆ ಮಾತನಾಡುವುದೆಂದರೆ ಟ್ರಂಕ್ ಕಾಲ್ ಎಂದೇ ಅರ್ಥವಾಗಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ದರ್ಜೆಗಳಲ್ಲಿ ಕರೆಯನ್ನು ಮೊದಲೇ ಗೊತ್ತುಪಡಿಸಿ, ಗಂಟೆಗಟ್ಟಲೆ ಕಾದು, ಆ ಬದಿಯಲ್ಲಿ ಊರ ಅಂಚೆ ಕಛೇರಿಗೋ ಶೆಟ್ಟರ ಅಂಗಡಿಗೋ ಬಂದು ನಿಂತವರೊಡನೆ ಮೂರು ನಿಮಿಷ ಕೂಗಿ ಮಾತನಾಡಿದರೆ ಆ ತಿಂಗಳ ಸಮಾಚಾರ ಮುಗಿಯಿತು. 1960ರಲ್ಲಿ ಕಾನ್ಪುರ-ಲಕ್ನೋಗಳ ನಡುವೆ ಮೊದಲು ಬಂದ ಎಸ್.ಟಿ.ಡಿ. ಸೌಲಭ್ಯವು ಎಂಬತ್ತರ ದಶಕದ ಕೊನೆಗೆ ಹಳದಿ ಫಲಕದ ಬೂತುಗಳ ರೂಪದಲ್ಲಿ ಬೀದಿಬೀದಿಗೆ ಇಳಿಯಿತು. ರಾತ್ರಿ ದರ ಇಳಿಯುವ ಹೊತ್ತಿಗಾಗಿ ಬೂತಿನ ಮುಂದೆ ಸಾಲು ಬೆಳೆಯಿತು. 1995ನೆಯ ಇಸವಿ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆಯನ್ನು ಮಾಡಿದರು. ಆಮೇಲೆಯೂ ಎಂಟು ವರ್ಷಗಳ ತನಕ, ಅಂದರೆ 2003ರವರೆಗೆ, ಬಂದ ಕರೆಯನ್ನು ಎತ್ತಿಕೊಂಡವನೂ ಹಣ ತೆರಬೇಕಾಗಿದ್ದಿತು.

ಆ ದಿನಗಳಲ್ಲಿ ಗ್ರಾಹಕನಿಗೆ ಕಷ್ಟವಿತ್ತು, ಆದರೆ ಆಯ್ಕೆಯ ತೊಡಕು ಇರಲಿಲ್ಲ. ಸರಕಾರಿ ದೂರವಾಣಿ ಇಲಾಖೆ ಕೊಟ್ಟದ್ದನ್ನು ಪಡೆಯುವುದಷ್ಟೇ ಅವನ ಪಾಲಿನ ಕೆಲಸ. ಇಂದು ಕಷ್ಟ ಕಡಮೆಯಾಗಿ ತೊಡಕು ಹೆಚ್ಚಿದೆ. ಜಿಯೋ, ಏರ್‌ಟೆಲ್, ವಿ, ಬಿ.ಎಸ್.ಎನ್.ಎಲ್. ಎಂಬ ನಾಲ್ಕು ಹೆಸರುಗಳ ಪೈಕಿ ಒಂದನ್ನು ಆರಿಸಬೇಕು. ಆರಿಸಿದ್ದು ಹಿಡಿಸದಿದ್ದರೆ ಸಂಖ್ಯೆಯನ್ನು ಉಳಿಸಿಕೊಂಡೇ ಬಿಟ್ಟುಹೋಗುವ ಹಕ್ಕೂ ಇದೆ. 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಆರಂಭವಾದ ಈ ಸಂಖ್ಯಾ ವರ್ಗಾವಣೆಯ ಸೌಲಭ್ಯವು 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂದು, 2015ರ ಜುಲೈಯಿಂದ ಒಂದು ವಲಯದ ಸಂಖ್ಯೆಯನ್ನು ಇನ್ನೊಂದು ವಲಯಕ್ಕೆ ಒಯ್ಯುವುದಕ್ಕೂ ವಿಸ್ತರಿಸಿತು. ಹುಬ್ಬಳ್ಳಿಯಲ್ಲಿ ಪಡೆದ ಸಂಖ್ಯೆಯನ್ನು ಡೊಂಬಿವಿಲಿಯಲ್ಲಿ ಮುಂದುವರಿಸಲು ಇಂದು ಯಾವ ಅಡ್ಡಿಯೂ ಇಲ್ಲ.

ಆದರೆ ಹೆಚ್ಚಿನವರು ಈ ಹಕ್ಕನ್ನು ಚಲಾಯಿಸುವುದು ಜಾಹೀರಾತು ನೋಡಿ. ಅಥವಾ ಪಕ್ಕದ ಮನೆಯ ಹುಡುಗನ ಫೋನಿನಲ್ಲಿ ಕಂಡ ವೇಗದ ಅಂಕಿ ನೋಡಿ. ನಗರದಲ್ಲೇ ಹುಟ್ಟಿ ನಗರದಲ್ಲೇ ಬಂಧುಬಳಗವಿರುವವರಿಗೆ ಅದು ಸಾಕಾದೀತು. ಒಂದು ಕಾಲು ಮಹಾನಗರದಲ್ಲಿ, ಇನ್ನೊಂದು ಊರಿನಲ್ಲಿ ಇಟ್ಟು ಬದುಕುವ ಹೊರನಾಡ ಕನ್ನಡಿಗನಿಗೆ ಲೆಕ್ಕ ಬೇರೆ. ಅವನಿಗೆ ವ್ಯಾಪ್ತಿ ಮೊದಲು, ವೆಚ್ಚ ಅನಂತರ, ವೇಗ ಕೊನೆಗೆ.

ವೇಗವೆಂಬ ಆಕರ್ಷಣೆ

ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುವುದು ವಾಡಿಕೆ. ಎಂಟು ಬಿಟ್ಟುಗಳು ಸೇರಿ ಒಂದು ಬೈಟ್. ಆದುದರಿಂದ 40 ಮೆಗಾಬಿಟ್ ಎಂದು ಜಾಹೀರಾತು ಸಾರಿದರೆ ಸೆಕೆಂಡಿಗೆ 5 ಮೆಗಾಬೈಟ್ ಕಡತ ಬರುತ್ತದೆ ಎಂದು ತಿಳಿಯಬೇಕು. ಇನ್ನು ಸಂಸಾರದ ಅಗತ್ಯವೆಷ್ಟು? ವಾಟ್ಸ್ಯಾಪಿನ ವಿಡಿಯೋ ಕರೆಗೆ ಒಂದೆರಡು ಮೆಗಾಬಿಟ್ ಸಾಕು. ಒಳ್ಳೆಯ ಗುಣಮಟ್ಟದಲ್ಲಿ ಸಿನಿಮಾ ನೋಡಲು ಐದು ಮೆಗಾಬಿಟ್ ಇದ್ದರೆ ನಡೆಯುತ್ತದೆ. ಯು.ಪಿ.ಐ. ಮೂಲಕ ಹಣ ಕಳುಹಿಸಲು ಒಂದು ಫೋಟೋ ಕಳುಹಿಸುವಷ್ಟೂ ಸಾಮರ್ಥ್ಯ ಬೇಡ. ಆದರೂ 2022ರ ಅಕ್ಟೋಬರ್ 1ರಂದು ದೆಹಲಿಯಲ್ಲಿ 5ಜಿ ಸೇವೆಗೆ ಚಾಲನೆ ದೊರೆತಂದಿನಿಂದ ಮುನ್ನೂರು, ಐನೂರು ಎಂಬ ಅಂಕಿಗಳೇ ಜನರ ಬಾಯಲ್ಲಿ ಓಡಾಡುತ್ತಿವೆ.

ಇಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಮಾತುಕತೆ ಎರಡು ತುದಿಗಳ ವ್ಯವಹಾರ. ಮಗನಿಗೆ ಗೋರೆಗಾಂವಿಯ ಮನೆಯಲ್ಲಿ ಸೆಕೆಂಡಿಗೆ 300 ಮೆಗಾಬಿಟ್ ಸಿಗುತ್ತಿದ್ದರೂ, ಹೆಬ್ರಿಯ ಆಚೆ ಘಟ್ಟದ ಬುಡದ ಮನೆಯಲ್ಲಿ ತಾಯಿಯ ಫೋನಿಗೆ ಅರ್ಧ ಮೆಗಾಬಿಟ್ ಬರುತ್ತಿದ್ದರೆ ಮಾತು ನಡೆಯುವುದು ಆ ಅರ್ಧ ಮೆಗಾಬಿಟ್ಟಿನಲ್ಲೇ. ಉಳಿದ ಇನ್ನೂರ ತೊಂಬತ್ತೊಂಬತ್ತೂವರೆಗೆ ಕೊಟ್ಟ ಹಣ ಆ ಕರೆಯ ಮಟ್ಟಿಗೆ ವ್ಯರ್ಥ.

ವೇಗದ ಅಂಕಿಯೂ ಸ್ಥಿರವಲ್ಲ. ಒಂದು ಟವರಿನ ಸಾಮರ್ಥ್ಯವನ್ನು ಅದರ ಸುತ್ತಲಿನ ಎಲ್ಲ ಫೋನುಗಳೂ ಹಂಚಿಕೊಳ್ಳುತ್ತವೆ. ಮುಂಬಯಿಯ ಚಾಳುಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನಸುಕಿನಲ್ಲಿ ಒಬ್ಬನೇ ನಲ್ಲಿ ತಿರುಗಿಸಿದರೆ ನೀರು ಭೋರ್ಗರೆಯುತ್ತದೆ, ಇಡೀ ಚಾಳು ಎದ್ದ ಮೇಲೆ ಅದೇ ನಲ್ಲಿ ತೊಟ್ಟಿಕ್ಕುತ್ತದೆ. ದಾದರ್ ನಿಲ್ದಾಣದ ಮೇಲ್ಸೇತುವೆಯಲ್ಲಿ ಬೆಳಗಿನ ಒಂಬತ್ತಕ್ಕೆ ಪೂರ್ತಿ ಗೆರೆಗಳ ಸಿಗ್ನಲ್ ಇದ್ದೂ ಸಂದೇಶ ಹೊರಡದಿರುವುದು ಇದೇ ಕಾರಣಕ್ಕೆ. ಆದುದರಿಂದ ಪರೀಕ್ಷಿಸುವವರು ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷಿಸಿ ಫಲವಿಲ್ಲ. ರಾತ್ರಿ ಎಂಟರಿಂದ ಹತ್ತರ ನಡುವೆ, ಕಟ್ಟಡದ ಎಲ್ಲ ಮನೆಗಳಲ್ಲೂ ಫೋನುಗಳು ಬೆಳಗುತ್ತಿರುವಾಗ ಪರೀಕ್ಷಿಸತಕ್ಕದ್ದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರಲ್ಲಿ ಹೊರತಂದ ‘ಮೈಸ್ಪೀಡ್’ ಎಂಬ ಆ್ಯಪ್ ಈ ಕೆಲಸಕ್ಕೆ ಸಾಲುತ್ತದೆ. ಅದರಲ್ಲಿ ಇಳಿಕೆಯ ವೇಗದ ಜೊತೆಗೆ ಏರಿಕೆಯ ವೇಗವನ್ನೂ ನೋಡಬೇಕು. ನಮ್ಮ ಮುಖ ಆ ಕಡೆಯವರಿಗೆ ಕಾಣುವುದು ಏರಿಕೆಯ ವೇಗದಿಂದಲೇ.

ವ್ಯಾಪ್ತಿಯೇ ಮೊದಲು

ಕರಾವಳಿ, ಮಲೆನಾಡುಗಳಲ್ಲಿ ಇದನ್ನು ‘ರೇಂಜ್’ ಎನ್ನುತ್ತಾರೆ. “ಅಲ್ಲಿ ರೇಂಜ್ ಸಿಗುವುದಿಲ್ಲ” ಎಂಬ ವಾಕ್ಯ ಊರಿನ ವಿಳಾಸದ ಭಾಗವೇ ಆಗಿಬಿಟ್ಟಿದೆ. 2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲೂಕಿನ ಒಂದು ಚಿತ್ರ ದೇಶವೆಲ್ಲ ಹರಡಿತು: ಸುರಿಯುವ ಮಳೆಯಲ್ಲಿ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದರು. ಅವರ ಮನೆಯಲ್ಲಿ ಫೋನ್ ಇರಲಿಲ್ಲವೆಂದಲ್ಲ. ಮನೆಯ ತನಕ ಅಲೆ ಬರುತ್ತಿರಲಿಲ್ಲ.

ಅಲೆ ಏಕೆ ಬರುವುದಿಲ್ಲ ಎಂಬುದನ್ನು ಸ್ವಲ್ಪ ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಮೊಬೈಲ್ ಕಂಪನಿಗಳು ಬೇರೆಬೇರೆ ಆವರ್ತನಗಳ ತರಂಗಗಳನ್ನು ಸರಕಾರದ ಹರಾಜಿನಲ್ಲಿ ಕೊಂಡಿರುತ್ತವೆ. 700, 850, 900 ಮೆಗಾಹರ್ಟ್ಸ್‌ಗಳಂಥ ಕೆಳಗಿನ ಆವರ್ತನಗಳು ದೂರ ಹೋಗುತ್ತವೆ, ಗೋಡೆಗಳನ್ನೂ ಹಾಯುತ್ತವೆ. 2300, 3300 ಮೆಗಾಹರ್ಟ್ಸ್‌ಗಳಂಥ ಮೇಲಿನವು ಬಹಳ ಹೊರೆ ಹೊರಬಲ್ಲವು, ಆದರೆ ಬೇಗ ಬಳಲುತ್ತವೆ. ಜಾತ್ರೆಯ ಡೊಳ್ಳಿನ ಗುಡುಗು ಮುಂದಿನ ಊರಿಗೂ ಕೇಳುತ್ತದೆ. ತಾಳದ ಕಿಣಿಕಿಣಿ ರಥಬೀದಿಯನ್ನು ದಾಟುವುದಿಲ್ಲ. 5ಜಿಯ ಬೆರಗಿನ ವೇಗ ಬಹುಮಟ್ಟಿಗೆ ಈ ತಾಳದ ಜಾತಿಯದು. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸನ್ನು ದೇಶದಾದ್ಯಂತ ಕೊಂಡದ್ದು ಜಿಯೋ ಒಂದೇ. ಯಾವ ಕಂಪನಿಯ ಬಳಿ ಯಾವ ಆವರ್ತನ ಎಷ್ಟಿದೆ ಎಂಬುದು ವಲಯದಿಂದ ವಲಯಕ್ಕೆ ಬದಲಾಗುತ್ತದೆ. ಮುಂಬಯಿ, ಠಾಣೆ, ಕಲ್ಯಾಣ ಸೇರಿದ್ದು ಒಂದು ವಲಯ, ಪುಣೆ ಮಹಾರಾಷ್ಟ್ರ ವಲಯ, ಕರ್ನಾಟಕ ಮತ್ತೊಂದು. ಮುಂಬಯಿಯಲ್ಲಿ ಬಲಿಷ್ಠವಾದ ಕಂಪನಿ ಊರಿನಲ್ಲೂ ಬಲಿಷ್ಠವಾಗಿರಬೇಕೆಂಬ ನಿಯಮವಿಲ್ಲವೆಂಬುದು ಇದರಿಂದಲೇ ಸ್ಪಷ್ಟ. ವಿ ಕಂಪನಿಯ 5ಜಿ ಸೇವೆ 2025ರ ಮಾರ್ಚಿನಲ್ಲಿ ಮುಂಬಯಿಗೆ ಬಂದು, ಬೆಂಗಳೂರಿಗೆ ಬಂದದ್ದು ಅದೇ ವರ್ಷದ ಜೂನಿನಲ್ಲಿ.

ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮಗಳ ಪ್ರಕಾರ ಪ್ರತಿಯೊಂದು ಕಂಪನಿಯೂ ತನ್ನ 2ಜಿ, 4ಜಿ, 5ಜಿ ವ್ಯಾಪ್ತಿಯ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. 2025ರಲ್ಲಿ ಅವು ಪ್ರಕಟವಾಗಿವೆ. ಊರಿನ ಹೆಸರು ಹುಡುಕಿ ನಾಲ್ಕೂ ನಕ್ಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಮೊದಲ ಹೆಜ್ಜೆ. ನಕ್ಷೆಯಲ್ಲಿ ಬಣ್ಣವಿಲ್ಲದ ಕಡೆ ಸಿಗ್ನಲ್ ಇಲ್ಲವೆಂದು ನಂಬಬಹುದು. ಬಣ್ಣವಿದ್ದ ಕಡೆ ಇದೆ ಎಂದು ಪೂರ್ತಿ ನಂಬಲಾಗದು. ನಕ್ಷೆ ಬಯಲಿನ ಮಾತನ್ನು ಹೇಳುತ್ತದೆಯೇ ವಿನಾ ಅಡಕೆ ತೋಟದ ನಡುವಿನ ದಪ್ಪ ಗೋಡೆಯ ಮನೆಯ ನಡುಕೋಣೆಯ ಮಾತನ್ನಲ್ಲ. ವಿಜಯಪುರ, ಕಲಬುರ್ಗಿ, ರಾಯಚೂರುಗಳ ಬಯಲುಸೀಮೆಯಲ್ಲಿ ಟವರಿನ ಅಲೆಗೆ ಅಡ್ಡ ಬರುವ ಗುಡ್ಡ ಕಡಮೆಯಾದುದರಿಂದ ನಕ್ಷೆಯ ಮಾತು ಬಹುಪಾಲು ನಿಜವಾಗುತ್ತದೆ. ಆಗುಂಬೆ, ಶೃಂಗೇರಿ, ಯಲ್ಲಾಪುರಗಳ ಸುತ್ತ ಒಂದು ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಅಜಗಜಾಂತರ.

ನಕ್ಷೆಗಿಂತ ದೊಡ್ಡ ಸಾಕ್ಷಿ ಊರಿನ ನೆರೆಹೊರೆಯವರು. ಅವರನ್ನು ಕೇಳಬೇಕಾದ ಪ್ರಶ್ನೆ “ಯಾವುದಕ್ಕೆ ಸ್ಪೀಡ್ ಜಾಸ್ತಿ?” ಎಂಬುದಲ್ಲ. ಕೇಳಬೇಕಾದದ್ದು, “ಕರೆಂಟು ಹೋದ ಮೇಲೆ ಯಾವ ಟವರು ಎಷ್ಟು ಹೊತ್ತು ಬದುಕಿರುತ್ತದೆ?” ಎಂದು. ಆಷಾಢದ ಗಾಳಿಮಳೆಗೆ ಮರ ಬಿದ್ದು ಮಲೆನಾಡಿನಲ್ಲಿ ಎರಡು ಮೂರು ದಿನ ವಿದ್ಯುತ್ತು ಇಲ್ಲದಿರುವುದು ಹೊಸದೇನಲ್ಲ. ಟವರು ಆಗ ಬ್ಯಾಟರಿಯ ಮೇಲೆ, ಬಳಿಕ ಇದ್ದರೆ ಡೀಸೆಲ್ ಜನರೇಟರಿನ ಮೇಲೆ ನಡೆಯಬೇಕು. ಬ್ಯಾಟರಿ ಹಳೆಯದಾಗಿ ಡೀಸೆಲ್ ಹಾಕುವವರು ಬಾರದಿದ್ದರೆ ಕೆಲವೇ ಗಂಟೆಗಳಲ್ಲಿ ಇಡೀ ಊರು ಮೌನವಾಗುತ್ತದೆ. ವಯಸ್ಸಾದ ತಂದೆತಾಯಿಗಳಿಗೆ ಎದೆನೋವು ಬರುವುದಕ್ಕೆ ಕರೆಂಟು ಇರುವ ದಿನವೇ ಆಗಬೇಕೆಂದಿಲ್ಲ. ಈ ಒಂದು ಪ್ರಶ್ನೆಯ ಉತ್ತರ ಯಾವ ಜಾಹೀರಾತಿನಲ್ಲೂ ಸಿಗದು, ಯಾವ ಜಾಲತಾಣದಲ್ಲೂ ಸಿಗದು. ಊರಿನ ಹಾಲಿನ ಡೈರಿಯ ಮುಂದೆ ನಿಂತು ಕೇಳಿದರೆ ಐದು ನಿಮಿಷದಲ್ಲಿ ಸಿಗುತ್ತದೆ.

ಎರಡು ಸಿಮ್ ಹಾಕುವ ಫೋನಿದ್ದರೆ ಎರಡು ಕಂಪನಿಗಳನ್ನು ಇಟ್ಟುಕೊಳ್ಳುವುದು ಜಾಣತನವೇ. ಆದರೆ ಅಲ್ಲೂ ಒಂದು ಸೂಕ್ಷ್ಮವಿದೆ. ಒಂದೇ ಟವರಿನ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾಗಳಿರುವುದು ಸಾಮಾನ್ಯ. ಕರೆಂಟು ಹೋಗಿ ಆ ಟವರು ನಿಂತರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಎರಡನೆಯ ಸಿಮ್ ಬೇರೆ ದಿಕ್ಕಿನ ಬೇರೆ ಟವರಿನದಾಗಿದ್ದರೆ ಮಾತ್ರ ಅದಕ್ಕೆ ಅರ್ಥ.

ಬಿ.ಎಸ್.ಎನ್.ಎಲ್. ಬಗ್ಗೆ ಒಂದು ಮಾತು ಹೇಳದೆ ಮುಂದುವರಿಯುವುದು ಸರಿಯಲ್ಲ. ಉಳಿದವರು 4ಜಿ ನೀಡುತ್ತಿದ್ದ ವರ್ಷಗಳಲ್ಲಿ ಹಿಂದೆ ಬಿದ್ದ ಈ ಸರಕಾರಿ ಸಂಸ್ಥೆಯನ್ನು ನಗರದವರು ಬಹುಮಟ್ಟಿಗೆ ಕೈಬಿಟ್ಟರು. 2025ರ ಸೆಪ್ಟೆಂಬರ್ 27ರಂದು ದೇಶೀಯ ತಂತ್ರಜ್ಞಾನದ ಅದರ 4ಜಿ ಜಾಲ ಸುಮಾರು 97,500 ಟವರುಗಳೊಂದಿಗೆ ಉದ್ಘಾಟನೆಗೊಂಡಿತು. ಅದರ ರೇಡಿಯೋ ಉಪಕರಣಗಳನ್ನು ಒದಗಿಸಿದ ತೇಜಸ್ ನೆಟ್‌ವರ್ಕ್ಸ್ ಬೆಂಗಳೂರಿನ ಕಂಪನಿ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಖಾಸಗಿ ಕಂಪನಿಗಳಿಗೆ ಲಾಭ ಕಾಣದ ಕೆಲವು ಹಳ್ಳಿಗಳಲ್ಲಿ ಅದೊಂದೇ ಆಸರೆ. ಸರಕಾರಿ ನಿಧಿಯಿಂದ ಕಟ್ಟಿದ ಟವರುಗಳಲ್ಲಿ ಒಂದು ಕಂಪನಿಯ ಜಾಲವನ್ನು ಇನ್ನೊಂದರ ಗ್ರಾಹಕರೂ ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಆರಂಭವಾಗಿದೆಯಾದರೂ ಅದು ಎಲ್ಲ ಊರಿಗೂ ಅನ್ವಯಿಸುವುದಿಲ್ಲ.

ಇನ್ನೊಂದು ಅಡಚಣೆ ಫೋನಿನದೇ. ಅನೇಕ ಹಿರಿಯರು ಇಂದಿಗೂ ಗುಂಡಿಯ ಫೋನನ್ನೇ ಬಯಸುತ್ತಾರೆ. ಅದು ಬಿದ್ದರೂ ಒಡೆಯದು, ಬ್ಯಾಟರಿ ವಾರ ಬರುತ್ತದೆ. ಅಂಥ ಹಳೆಯ 2ಜಿ ಫೋನಿನಲ್ಲಿ ಜಿಯೋ ಸಿಮ್ ಕೆಲಸ ಮಾಡದು. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಆ ಕಂಪನಿಗೆ 2ಜಿ ಜಾಲವೇ ಇಲ್ಲ. 4ಜಿ ಗುಂಡಿ ಫೋನ್ ಬೇಕಾಗುತ್ತದೆ. ಅಪ್ಪನಿಗೆ ಹೊಸ ಸಿಮ್ ಕಳುಹಿಸುವ ಮುನ್ನ ಅಪ್ಪನ ಫೋನ್ ಯಾವುದೆಂದು ವಿಚಾರಿಸುವುದು ಲೇಸು.

ಅಲೆಯೇ ಬಾರದ ಮನೆಗೂ ಉಪಾಯವಿದೆ. ಮಲೆನಾಡಿನ ಎಷ್ಟೋ ಕಡೆ ಮೊಬೈಲ್ ಅಲೆಗಿಂತ ಮೊದಲು ಫೈಬರ್ ತಂತಿ ಮನೆಯನ್ನು ಮುಟ್ಟಿದೆ. ಫೈಬರಿನ ವೈಫೈ ಮೂಲಕ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದಲೇ ಕರೆ ಮಾಡುವ ‘ವೈಫೈ ಕಾಲಿಂಗ್’ ಸೌಲಭ್ಯವನ್ನು 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ಆರಂಭಿಸಿದವು. ಫೋನಿನ ಸೆಟ್ಟಿಂಗಿನಲ್ಲಿ ಒಂದು ಗುಂಡಿಯನ್ನು ಒತ್ತುವುದಷ್ಟೇ ಕೆಲಸ, ಪ್ರತ್ಯೇಕ ಶುಲ್ಕವಿಲ್ಲ. ವೈಫೈ ಪೆಟ್ಟಿಗೆಗೆ ಒಂದು ಸಣ್ಣ ಇನ್ವರ್ಟರ್ ಜೋಡಿಸಿದರೆ ಕರೆಂಟಿನ ಚಿಂತೆಯೂ ಅಷ್ಟಕ್ಕಷ್ಟೆ. ಮುಂಬಯಿಯ ಹೊಸ ಗಗನಚುಂಬಿ ಕಟ್ಟಡಗಳಲ್ಲಿ ಲಿಫ್ಟಿನ ಪಕ್ಕದ ಮನೆಗಳಿಗೆ ಸಿಗ್ನಲ್ ಬಾರದೆ ತೊಳಲುವವರಿಗೂ ಇದೇ ಮದ್ದು.

ಮತ್ಸ್ಯಗಂಧದಲ್ಲಿ ಊರಿಗೆ ಹೋಗುವವರು ದಾರಿಯುದ್ದಕ್ಕೂ ಸಿಗ್ನಲ್ ಬೇಕೆಂದು ಕಂಪನಿ ಬದಲಿಸುವುದು ಮಾತ್ರ ವ್ಯರ್ಥ ಪ್ರಯಾಸ. ಕೊಂಕಣ ರೈಲು ಮಾರ್ಗದ ಕರಬುಡೆ ಸುರಂಗವೊಂದೇ ಸುಮಾರು ಆರೂವರೆ ಕಿಲೋಮೀಟರ್ ಉದ್ದವಿದೆ. ಆ ಹೊತ್ತಿನಲ್ಲಿ ಬುತ್ತಿಯ ಗಂಟು ಬಿಚ್ಚುವುದೇ ಒಳ್ಳೆಯದು.

ದುರ್ಬಲ ವ್ಯಾಪ್ತಿಗೂ ದೇಹಕ್ಕೂ ಒಂದು ಸಂಬಂಧವಿದೆ. ಟವರು ದೂರವಾದಷ್ಟೂ ಫೋನು ತನ್ನ ಪ್ರಸಾರ ಶಕ್ತಿಯನ್ನು ಏರಿಸಿಕೊಂಡು ‘ಕೂಗಿ’ ಮಾತನಾಡುತ್ತದೆ. ಬ್ಯಾಟರಿ ಬೇಗ ಖಾಲಿಯಾಗುವುದಕ್ಕೂ ಫೋನು ಬಿಸಿಯಾಗುವುದಕ್ಕೂ ಇದೊಂದು ಮುಖ್ಯ ಕಾರಣ. ಭಾರತದಲ್ಲಿ 2012ರ ಸೆಪ್ಟೆಂಬರಿನಿಂದ ಫೋನುಗಳ ವಿಕಿರಣ ಹೀರಿಕೆಯ ಮಿತಿಯನ್ನು ಕಿಲೋಗ್ರಾಮಿಗೆ 1.6 ವ್ಯಾಟ್ ಎಂದು ಗೊತ್ತುಪಡಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಈ ತರಂಗಗಳನ್ನು ‘ಕ್ಯಾನ್ಸರಕಾರಕವಾಗಿರುವ ಸಾಧ್ಯತೆ’ಯ ವರ್ಗದಲ್ಲಿ ಇರಿಸಿತು, ಸಾಧ್ಯತೆ ಎಂಬ ಮಾತಿಗೆ ಸಿದ್ಧಪಟ್ಟದ್ದು ಎಂಬ ಅರ್ಥವಿಲ್ಲ, ಹೆದರುವ ಕಾರಣವೂ ಇಲ್ಲ. ಆದರೂ ಒಂದೇ ಗೆರೆ ಸಿಗ್ನಲ್ ಇರುವ ಮೂಲೆಯಲ್ಲಿ ಗಂಟೆಗಟ್ಟಲೆ ಕಿವಿಗೊತ್ತಿಕೊಂಡು ಮಾತನಾಡುವವರು ಇಯರ್‌ಫೋನ್ ಬಳಸುವುದರಿಂದ ನಷ್ಟವೇನೂ ಇಲ್ಲ.

ಹದಿಮೂರನೆಯ ತಿಂಗಳು

ವೆಚ್ಚದ ವಿಷಯಕ್ಕೆ ಬಂದರೆ ಮೊದಲು ಕ್ಯಾಲೆಂಡರನ್ನು ತೆರೆಯಬೇಕು. ಹೆಚ್ಚಿನ ಪ್ಯಾಕುಗಳ ಅವಧಿ 28 ದಿನ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ಗ್ರಾಹಕ ‘ತಿಂಗಳ ಪ್ಯಾಕ್’ ಎಂದು ಭಾವಿಸಿದ್ದನ್ನು ವರ್ಷಕ್ಕೆ ಹದಿಮೂರು ಬಾರಿ ಕೊಳ್ಳುತ್ತಾನೆ. 299 ರೂಪಾಯಿಯ ಪ್ಯಾಕಾದರೆ ಹನ್ನೆರಡರ ಲೆಕ್ಕದಲ್ಲಿ ವರ್ಷಕ್ಕೆ 3,588 ರೂ., ನಿಜದಲ್ಲಿ 3,887 ರೂ. ನಾಲ್ಕು ಮಂದಿಯ ಸಂಸಾರಕ್ಕೆ ಈ ಕಾಣದ ತಿಂಗಳಿನ ಬೆಲೆ 1,196 ರೂ. ಗ್ರಾಹಕರ ದೂರುಗಳ ಮೇರೆಗೆ ಟ್ರಾಯ್ 2022ರ ಜನವರಿಯಲ್ಲಿ, ಪ್ರತಿಯೊಂದು ಕಂಪನಿಯೂ ಕನಿಷ್ಠ ಒಂದು 30 ದಿನದ ಪ್ಯಾಕನ್ನೂ ಪ್ರತಿ ತಿಂಗಳೂ ಅದೇ ತಾರೀಕಿಗೆ ನವೀಕರಿಸುವ ಒಂದು ಪ್ಯಾಕನ್ನೂ ನೀಡಬೇಕೆಂದು ವಿಧಿಸಿತು. ಅವು ಅಂಗಡಿಯವನ ಗೋಡೆಯ ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ, ಕೇಳಿ ಪಡೆಯಬೇಕು.

ಹೋಲಿಕೆಗೆ ಸರಿಯಾದ ಅಳತೆ ದಿನದ ಬೆಲೆ. 2024ರ ಜುಲೈಯಲ್ಲಿ ಎಲ್ಲ ಖಾಸಗಿ ಕಂಪನಿಗಳೂ ದರ ಏರಿಸಿದಾಗ ಬಂದ ಒಂದು ಪಟ್ಟಿಯಲ್ಲಿ ದಿನಕ್ಕೆ 2 ಜಿ.ಬಿ.ಯ ಪ್ಯಾಕಿಗೆ 28 ದಿನಕ್ಕೆ 349 ರೂ., 84 ದಿನಕ್ಕೆ 859 ರೂ. ಎಂದಿತ್ತು. ಮೊದಲನೆಯದು ದಿನಕ್ಕೆ 12 ರೂ. 46 ಪೈಸೆ, ಎರಡನೆಯದು 10 ರೂ. 23 ಪೈಸೆ. ದೀರ್ಘಾವಧಿಯ ಪ್ಯಾಕು ಅಗ್ಗವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮುಂಗಡ ಹಣ; ನಡುವೆ ಕಂಪನಿ ಬಿಟ್ಟರೆ ಉಳಿದ ಅವಧಿಯೂ ಉಳಿಕೆ ಹಣವೂ ಹಿಂತಿರುಗವು. ಹೊಸ ಕಂಪನಿಗೆ ಹೋದ ಮೊದಲ ಸಲ ಚಿಕ್ಕ ಪ್ಯಾಕು, ನಂಬಿಕೆ ಬಂದ ಮೇಲೆ ದೊಡ್ಡದು ಎಂಬ ಕ್ರಮವೇ ಸರಿ. ಪೋಸ್ಟ್‌ಪೇಯ್ಡ್ ಬಿಲ್ಲಿಗೆ ನಮೂದಿಸಿದ ಬಾಡಿಗೆಯ ಮೇಲೆ ಶೇಕಡ 18ರ ತೆರಿಗೆ ಸೇರುತ್ತದೆ. ಪ್ರೀಪೇಯ್ಡ್ ದರದಲ್ಲಿ ಅದು ಅಡಗಿಯೇ ಇರುತ್ತದೆ. ಹೋಲಿಸುವಾಗ ಇದನ್ನು ಮರೆಯಬಾರದು.

ಇನ್ನು ದಿನಕ್ಕೆ 2 ಜಿ.ಬಿ. ಎಂಬ ಧಾರಾಳ. 28 ದಿನಕ್ಕೆ ಅದು 56 ಜಿ.ಬಿ. ಆಗುತ್ತದೆ; 349 ರೂ. ಕೊಟ್ಟರೆ ಜಿ.ಬಿ.ಗೆ ಆರು ರೂಪಾಯಿ ಚಿಲ್ಲರೆ ಮಾತ್ರ. ಆದರೆ ಬಳಸದೆ ಉಳಿದದ್ದು ಮಧ್ಯರಾತ್ರಿಗೆ ಹೋಗಿಬಿಡುತ್ತದೆ. ಮನೆಯಲ್ಲಿಯೂ ಕಛೇರಿಯಲ್ಲಿಯೂ ವೈಫೈ ಇದ್ದು ಲೋಕಲ್ ರೈಲಿನಲ್ಲಿ ಮಾತ್ರ ಡೇಟಾ ಬಳಸುವವನು ತಿಂಗಳಿಗೆ 14 ಜಿ.ಬಿ. ಬಳಸಿದರೆ ಅವನಿಗೆ ಬಿದ್ದ ಬೆಲೆ ಜಿ.ಬಿ.ಗೆ ಸುಮಾರು 25 ರೂ. ಫೋನಿನ ಸೆಟ್ಟಿಂಗಿನಲ್ಲಿ ಕಳೆದ ತಿಂಗಳ ನಿಜವಾದ ಬಳಕೆ ಎಷ್ಟೆಂದು ದಾಖಲಾಗಿರುತ್ತದೆ. ಅದನ್ನು ನೋಡದೆ ಪ್ಯಾಕ್ ಆರಿಸುವುದು ಪಾಸ್‌ಬುಕ್ ನೋಡದೆ ಚೆಕ್ ಬರೆದಂತೆ. 2024ರ ದರ ಏರಿಕೆಯ ಸಮಯದಲ್ಲಿ ದೊಡ್ಡ ಕಂಪನಿಗಳೆರಡು ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿ.ಬಿ. ಮತ್ತು ಮೇಲಿನ ಪ್ಯಾಕುಗಳಿಗೆ ಸೀಮಿತಗೊಳಿಸಿದ್ದರ ಹಿಂದಿನ ವ್ಯಾಪಾರ ಬುದ್ಧಿ ಇದೇ; ವೇಗದ ಆಸೆಗೆ ಬೇಡದ ತೂಕವನ್ನೂ ಕೊಳ್ಳುವಂತಾಗಬೇಕು.

ಊರಿನ ಹಿರಿಯರಿಗೆ ಡೇಟಾ ಬೇಡವೇ ಬೇಡವೆಂದಾದರೆ, 2024ರ ಡಿಸೆಂಬರಿನಲ್ಲಿ ಟ್ರಾಯ್ ಹೊರಡಿಸಿದ ತಿದ್ದುಪಡಿಯನ್ನು ನೆನೆಯಬೇಕು. ಅದರಂತೆ ಕರೆ ಮತ್ತು ಎಸ್.ಎಂ.ಎಸ್. ಮಾತ್ರ ಇರುವ ಪ್ಯಾಕುಗಳನ್ನು ಕಂಪನಿಗಳು ನೀಡಲೇಬೇಕು, ವಿಶೇಷ ವೋಚರುಗಳ ಅವಧಿ 365 ದಿನಗಳವರೆಗೂ ಇರಬಹುದು. ವರ್ಷಕ್ಕೊಮ್ಮೆ, ಅಮ್ಮನ ಹುಟ್ಟುಹಬ್ಬಕ್ಕೋ ದೀಪಾವಳಿಗೋ, ಮುಂಬಯಿಯಿಂದಲೇ ಅದನ್ನು ಹಾಕಿಸಿದರೆ “ರೀಚಾರ್ಜ್ ಮುಗಿದು ಫೋನ್ ಹೋಗಲಿಲ್ಲ” ಎಂಬ ಮಾತಿಗೆ ಅವಕಾಶವಿಲ್ಲ. ಆ ಮಾತು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಮುಂದೆ ನೋಡಬಹುದು.

ಸಂಖ್ಯೆಯೇ ಬೀಗದ ಕೈ

ಹತ್ತಿಪ್ಪತ್ತು ವರ್ಷಗಳ ಹಿಂದೆ ಮೊಬೈಲ್ ಸಂಖ್ಯೆ ಹೋದರೆ ಬಂಧುಗಳಿಗೆ ಹೊಸದನ್ನು ತಿಳಿಸಿದರೆ ಮುಗಿಯುತ್ತಿತ್ತು. ಇಂದು ಬ್ಯಾಂಕಿನ ಖಾತೆ, ಠೇವಣಿ, ಪಿಂಚಣಿ, ಆಧಾರ್, ಅಡುಗೆ ಅನಿಲ ಎಲ್ಲದರ ಬೀಗದ ಕೈ ಅದೇ ಹತ್ತು ಅಂಕಿಗಳು. ಪ್ರತಿ ವ್ಯವಹಾರಕ್ಕೂ ಬರುವ ಒ.ಟಿ.ಪಿ. ಆ ಸಂಖ್ಯೆಗೇ ಬರುತ್ತದೆ. ಆದುದರಿಂದ ಕಂಪನಿಯನ್ನು ಬದಲಿಸುವ ಪ್ರಶ್ನೆಗಿಂತಲೂ ಸಂಖ್ಯೆಯನ್ನು ಕಳೆದುಕೊಳ್ಳದಿರುವ ಪ್ರಶ್ನೆ ದೊಡ್ಡದು.

ನಿಯಮದಂತೆ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ರದ್ದುಪಡಿಸಬಹುದು. ಆ ಬಳಿಕ ಇನ್ನೂ 90 ದಿನ ಕಾದು ಅದನ್ನು ಹೊಸ ಗ್ರಾಹಕನಿಗೆ ಕೊಡಬಹುದು. ಮಗಳ ಬಾಣಂತನಕ್ಕೆಂದು ದೆಹಲಿಗೋ ಹೈದರಾಬಾದಿಗೋ ಹೋಗಿ ಆರೇಳು ತಿಂಗಳು ನಿಂತ ತಾಯಿ, ಊರಿನ ಸಿಮ್ಮನ್ನು ಬೀರುವಿನಲ್ಲಿಟ್ಟು ಬಂದಿದ್ದರೆ, ಹಿಂತಿರುಗುವ ಹೊತ್ತಿಗೆ ಆ ಸಂಖ್ಯೆ ಯಾರೋ ಅಪರಿಚಿತನ ಜೇಬಿನಲ್ಲಿರಬಹುದು. ಬ್ಯಾಂಕಿನ ಸಂದೇಶಗಳು ಅವನಿಗೇ ಹೋಗುತ್ತವೆ. ರದ್ದಾದ ಸಂಖ್ಯೆಗಳ ಪಟ್ಟಿಯನ್ನು ನೋಡಿ ದಾಖಲೆಗಳನ್ನು ಸರಿಪಡಿಸಿಕೊಳ್ಳುವಂತೆ ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ; ಆದರೂ ಗ್ರಾಹಕನೇ ಎಚ್ಚರವಾಗಿರುವುದು ಕ್ಷೇಮ. ಹಳೆಯ ಸಂಖ್ಯೆಯನ್ನು ಬಿಡಲೇಬೇಕೆಂದಿದ್ದರೆ ಮೊದಲು ಶಾಖೆಗೆ ಹೋಗಿ ಹೊಸ ಸಂಖ್ಯೆಯನ್ನು ನೋಂದಾಯಿಸಿ, ಅದಕ್ಕೆ ಸಂದೇಶ ಬಂದದ್ದನ್ನು ಕಣ್ಣಾರೆ ಕಂಡು, ಆಮೇಲೆ ಹಳೆಯದನ್ನು ಬಿಡಬೇಕು.

ಕಂಪನಿ ಬದಲಿಸುವ ಕ್ರಮ ಸರಳ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಬಾಕಿ ಬಿಲ್ಲಿರಬಾರದು. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ತನ್ನ ಸಂಖ್ಯೆಯನ್ನು ಬರೆದು 1900ಕ್ಕೆ ಎಸ್.ಎಂ.ಎಸ್. ಕಳುಹಿಸಿದರೆ ಎಂಟು ಅಕ್ಷರಗಳ ಒಂದು ಸಂಕೇತ ಬರುತ್ತದೆ. ಅದರ ಆಯುಷ್ಯ ನಾಲ್ಕು ದಿನ. ಅದರೊಂದಿಗೆ ಗುರುತಿನ ದಾಖಲೆ ಒಯ್ದು ಹೊಸ ಕಂಪನಿಯ ಮಳಿಗೆಯಲ್ಲಿ ಸಿಮ್ ಪಡೆದರೆ, ಅದೇ ವಲಯದೊಳಗಾದರೆ ಮೂರು, ಬೇರೆ ವಲಯಕ್ಕಾದರೆ ಐದು ಕೆಲಸದ ದಿನಗಳಲ್ಲಿ ಬದಲಾವಣೆ ಮುಗಿಯಬೇಕು. 2024ರ ಜುಲೈಯಿಂದ, ಸಿಮ್ ಬದಲಿಸಿದ ಏಳು ದಿನಗಳೊಳಗೆ ಈ ಸಂಕೇತವನ್ನು ಕೊಡುವುದಿಲ್ಲ. ಬೇರೆಯವರ ಸಂಖ್ಯೆಗೆ ಕಳ್ಳ ಸಿಮ್ ಪಡೆದು ಖಾತೆ ಬರಿದು ಮಾಡುವ ವಂಚಕರನ್ನು ತಡೆಯಲು ಮಾಡಿದ ಏರ್ಪಾಡು ಅದು. ಈ ಸಂಕೇತವನ್ನು ಸಹಿ ಹಾಕಿದ ಖಾಲಿ ಚೆಕ್ಕಿನಂತೆ ಕಾಯತಕ್ಕದ್ದು. “ಕಂಪನಿಯಿಂದ ಮಾತನಾಡುತ್ತಿದ್ದೇವೆ, ನಂಬರು ಹೇಳಿ” ಎಂದು ಕೇಳುವ ಯಾವ ಧ್ವನಿಗೂ, ಅದು ಎಷ್ಟೇ ಸೊಗಸಾದ ಕನ್ನಡದಲ್ಲಿದ್ದರೂ, ಹೇಳಕೂಡದು.

ದಿನವನ್ನೂ ನೋಡಿ ಆರಿಸಬೇಕು. ಬದಲಾವಣೆಯ ರಾತ್ರಿ ಕೆಲವು ಗಂಟೆ ಫೋನು ಮೂಕವಾಗುತ್ತದೆ. ಸಿಮ್ ಬದಲಿಸಿದ ಮೊದಲ 24 ಗಂಟೆ ಎಸ್.ಎಂ.ಎಸ್. ತಡೆಹಿಡಿಯುವಂತೆ ದೂರಸಂಪರ್ಕ ಇಲಾಖೆ 2022ರಲ್ಲೇ ಆದೇಶಿಸಿದೆ. ಬ್ಯಾಂಕಿನ ಆ್ಯಪ್ ಮತ್ತೆ ಗುರುತು ಕೇಳಬಹುದು. ಮಗನ ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನ, ಆಸ್ಪತ್ರೆಯ ಬಿಲ್ಲು ತೆರುವ ದಿನ, ಊರಿಗೆ ರೈಲು ಹತ್ತುವ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕುವುದು ಬೇಡ.

ಬದಲಿಸುವ ಮುನ್ನ ಪರೀಕ್ಷೆಗೆ ಒಂದು ಅಗ್ಗದ ದಾರಿಯಿದೆ. ಬಯಸಿದ ಕಂಪನಿಯ ಹೊಸ ಸಿಮ್ಮೊಂದನ್ನು ಚಿಕ್ಕ ಪ್ಯಾಕಿನೊಂದಿಗೆ ಪಡೆದು ಎರಡನೆಯ ಕಿಂಡಿಯಲ್ಲಿ ಒಂದು ತಿಂಗಳು ಇಟ್ಟುಕೊಂಡು, ರಜೆಯಲ್ಲಿ ಊರಿಗೂ ಒಯ್ದು, ಅಡುಗೆಮನೆ, ಜಗಲಿ, ತೋಟ, ಪೇಟೆ ಎಂದು ಹೊತ್ತು ಸಹಿತ ಒಂದು ಹಾಳೆಯಲ್ಲಿ ಬರೆದಿಟ್ಟರೆ ಉತ್ತರ ಅದರಲ್ಲೇ ಇರುತ್ತದೆ. ಸಿಗ್ನಲ್ಲಿನ ಗೆರೆಗಳನ್ನು ಎಣಿಸುವುದಕ್ಕಿಂತ ಕರೆ ಹೋಯಿತೇ, ಮಾತು ಕಡಿಯಿತೇ ಎಂದು ಬರೆಯುವುದು ಮೇಲು. ಗೆರೆಗಳ ಲೆಕ್ಕ ಫೋನಿನಿಂದ ಫೋನಿಗೆ ಬೇರೆ. ಪರೀಕ್ಷೆ ಮುಗಿದ ಮೇಲೆ ಬೇಡವಾದ ಸಿಮ್ಮನ್ನು ಸುಮ್ಮನೆ ಎಸೆಯದೆ ರದ್ದು ಮಾಡಿಸಬೇಕು. ತನ್ನ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬುದನ್ನು 2023ರಲ್ಲಿ ಸರಕಾರ ಆರಂಭಿಸಿದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಬಹುದು.

ಕೊನೆಯದಾಗಿ ಹಿರಿಯರು ತೀರಿಕೊಂಡ ಮನೆಗಳ ಸಂಗತಿ. ಉತ್ತರಕ್ರಿಯೆಗಳು ಮುಗಿಯುವಷ್ಟರಲ್ಲಿ ಅವರ ಫೋನಿನ ರೀಚಾರ್ಜ್ ಮುಗಿದಿರುತ್ತದೆ, ಮಕ್ಕಳು ಮುಂಬಯಿಗೆ ಮರಳಿರುತ್ತಾರೆ, ಸಿಮ್ಮಿನ ಯೋಚನೆ ಯಾರಿಗೂ ಬರುವುದಿಲ್ಲ. ಠೇವಣಿಯ ಅವಧಿ ಮುಗಿದ ಸೂಚನೆ, ವಿಮೆಯ ಕಂತಿನ ನೆನಪೋಲೆ, ಗೊತ್ತೇ ಇಲ್ಲದಿದ್ದ ಒಂದು ಉಳಿತಾಯ ಖಾತೆಯ ಸುಳಿವು ಆ ಸಂಖ್ಯೆಗೆ ಬರುತ್ತಲೇ ಇರುತ್ತವೆ. ಮೃತರ ಖಾತೆಯನ್ನು ಒ.ಟಿ.ಪಿ. ಬಳಸಿ ನಡೆಸುವುದು ಸಲ್ಲದು. ಬ್ಯಾಂಕಿಗೆ ತಿಳಿಸಿ ನಾಮಿನಿಯ ಮೂಲಕ ಹಣ ಪಡೆಯುವುದೇ ಮಾರ್ಗ. ಆದರೆ ಆ ಇತ್ಯರ್ಥಗಳೆಲ್ಲ ಮುಗಿಯುವ ತನಕ ಸಂಖ್ಯೆಯನ್ನು ಜೀವಂತವಾಗಿಡಬೇಕು. ಮರಣ ಪ್ರಮಾಣಪತ್ರ ಹಾಗೂ ತಮ್ಮ ಗುರುತಿನ ದಾಖಲೆಯೊಂದಿಗೆ ಕಂಪನಿಯ ಮಳಿಗೆಗೆ ಹೋದರೆ ಅದನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಿ ಕೊಡುತ್ತಾರೆ.